ಭಾವನ ಗೇರ್ ಸೈಕಲ್ಲು ಯಾವುದು?

ಮೊನ್ನೆ ಆಯುಧಪೂಜೆಯ ದಿನ ನಮ್ಮ ಗುಬ್ಬಿಯ ಸೈಕಲ್ ಶಾಪಿನ ಮುಂದೆ ನನ್ನ ಭಾವ ಒಂದು ತುಕ್ಕು ಹಿಡಿದ ಸೈಕಲ್ಲನ್ನು ತಬ್ಬಿಕೊಂಡು ನಿಂತಿದ್ದರು. ಅವರಿಗೆಂದೇ ನಾನು ರೆಡಿ ಮಾಡಿಸಿದ್ದ ಸೈಕಲ್ಲು ಪಕ್ಕದಲ್ಲೇ ಫಳಫಳ ಹೊಳೆಯುತ್ತಿತ್ತು. ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲ.

ತಪ್ಪು ನನ್ನದೇ. (ಹೆಂಡತಿ ಈ ಅಂಕಣ ಓದುತ್ತಾಳೆ. ಹಾಗಾಗಿ ಇನ್ನೊಮ್ಮೆ: ತಪ್ಪು ನನ್ನದೇ.)

ಭಾವ ಅಂದರೆ ಅವಳ ಅಣ್ಣ, ಕುಣಿಗಲ್‌ನವರು. ತೊಂಬತ್ತರ ದಶಕದಲ್ಲಿ ಅವರ ಬೀದಿಗೇ ಮೊದಲ ಮೌಂಟನ್ ಬೈಕ್ ಕೊಂಡವರು. ದಪ್ಪ ಟೈರು, ಗೇರು, ಹುತ್ರಿದುರ್ಗದ ಏರಿನಲ್ಲೂ ಇಳಿಯದೆ ತುಳಿದೆ ಎಂಬ ಜಂಬ. 'ಒಂದು ವಾರ ಕೊಡಿ' ಎಂದು ತಂದವನು ನಾನು. ಎಂಟು ವರ್ಷವಾಯಿತು. ಹಿತ್ತಲಲ್ಲಿ ಅದರ ಮೇಲೆ ಹೀರೇಬಳ್ಳಿ ಹಬ್ಬಿ ಕಾಯಿಯನ್ನೂ ಬಿಟ್ಟಿತ್ತು.

ಹೋದ ತಿಂಗಳು ಭಾವನ ಫೋನು. "ಡಾಕ್ಟ್ರು ಸೈಕಲ್ ತುಳೀರಿ ಅಂದವ್ರೆ. ಹಬ್ಬದ್ ದಿನ ಬಂದು ನನ್ ಗಾಡಿ ತಗೊಂಡೋಗ್ತೀನಿ ಕಣಯ್ಯ."

ಹೆಂಡತಿ ಎಚ್ಚರಿಸಿದಳು: "ಬೇರೇದ್ ಕೊಟ್ಟು ಏಮಾರಿಸ್ಬೇಡಿ. ನಮ್ಮಣ್ಣನ ಸೈಕಲ್ಲೇ ವಾಪಸ್ ಹೋಗ್ಬೇಕು."

ಅತ್ತೆ ಮನೆಯಲ್ಲಿ ನನಗೆ ಉಳಿದಿದ್ದ ಅಷ್ಟಿಷ್ಟು ಮರ್ಯಾದೆ ಈಗ ಆ ಸೈಕಲ್ಲಿನ ಮೇಲೆ ನಿಂತಿತ್ತು.

ಮೆಕ್ಯಾನಿಕ್ ಸಿದ್ದಲಿಂಗಣ್ಣ ನೋಡಿದವನೇ "ವೀಲು ಎರಡೂ ಹೋಗವೆ ಸಾರ್" ಅಂದ. ತುಮಕೂರಿಗೆ ಹೋಗಿ ವೀಲು ತಂದೆ. ಹೊಸ ವೀಲಿಗೆ ಹಳೇ ಬ್ರೇಕು ಕಚ್ಚಲಿಲ್ಲ. ಮತ್ತೆ ತುಮಕೂರು. ಬ್ರೇಕು ಕಚ್ಚಿತು, ಹ್ಯಾಂಡಲ್ ಅಳ್ಳಾಡಿತು. ಆಮೇಲೆ ಚೈನು, ಗೇರು, ಸೀಟು. ಬಸ್ಸಿನ ಕಂಡಕ್ಟರ್ ನನ್ನನ್ನು ಸ್ಪೇರ್ ಪಾರ್ಟ್ಸ್ ವ್ಯಾಪಾರಿ ಎಂದೇ ತಿಳಿದುಬಿಟ್ಟ.

ಕೊನೆಗೆ ಸಿದ್ದಲಿಂಗಣ್ಣ ಹೇಳಿದ: "ಫ್ರೇಮ್ ಸೀಳ್ಬುಟ್ಟೈತೆ. ಅದೊಂದ್ ಚೇಂಜ್ ಮಾಡ್ಬುಡಿ, ನಿಮ್ ಹಳೇ ಗಾಡಿ ಇನ್ನೂ ನೂರು ವರ್ಷ ಬತ್ತದೆ."

ಒಪ್ಪಿದೆ! ಇನ್ನೇನು ಉಳಿಯಿತು ಅಂತೀರಾ? ಬೆಲ್ಲು ಉಳಿದಿತ್ತು. (ಕಲರ್ ಮ್ಯಾಚ್ ಆಗಲಿಲ್ಲ ಅಂತ ಅದನ್ನೂ ಬದಲಾಯಿಸಿದೆ.)

ಸಿದ್ದಲಿಂಗಣ್ಣ ಏನನ್ನೂ ಎಸೆಯುವವನಲ್ಲ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ, ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ ಅಂಗಡಿ ಮುಂದೆ ಪೂಜೆಗಿಟ್ಟಿದ್ದ. ಹೊಸದಕ್ಕೆ ಒಂದು ಹೂವೂ ಇಲ್ಲ. ಯಾಕೋ ಅಂದೆ.

"ದುಡಿದಿರೋ ಸಾಮಾನ್ಗಲ್ವಾ ಸಾರ್ ಪೂಜೆ? ಹೊಸದು ಏನ್ ದುಡಿದೈತೆ?"

ಅಷ್ಟರಲ್ಲಿ ಭಾವ ಬಂದರು, ತಬ್ಬಿಕೊಂಡರು. "ಇದೇ ಕಣಯ್ಯ ನಂದು! ಹಾರ ಹಾಕಿ ಇಟ್ಕೊಂಡಿದೀಯಲ್ಲಾ!" ಕಣ್ಣಲ್ಲಿ ನೀರು.

"ಭಾವ, ನಿಮ್ಮದು ಈ ಕಡೇದು" ಎಂದು ಹೊಳೆಯುವುದನ್ನು ತೋರಿಸಿದೆ.

"ಯಾರದೋ ಗಾಡಿ ನನಗ್ಯಾಕೆ?"

"ಹಾರ ಹಾಕಿರೋದರ ಫ್ರೇಮ್ ಸೀಳಿದೆ. ರೋಡಿಗೆ ಇಳಿಸೋಕಾಗಲ್ಲ."

"ಸ್ಟ್ಯಾಂಡ್ ಹಾಕ್ಕೊಂಡೇ ತುಳೀತೀನಿ ಬುಡು. ಡಾಕ್ಟ್ರು ತುಳಿ ಅಂದವ್ರೆ, ಎಲ್ಲಿಗಾದ್ರೂ ಹೋಗು ಅಂದಿಲ್ಲ."

ಇದಕ್ಕೆ ನೀವಾದರೂ ಏನು ಹೇಳುತ್ತಿದ್ದಿರಿ? ಪೂಜೆಗಿಟ್ಟದ್ದನ್ನು ಅಂದೇ ಕದಲಿಸುವ ಹಾಗಿಲ್ಲ. ಸಿದ್ದಲಿಂಗಣ್ಣನ ಅಪ್ಪಣೆ ಪಡೆದು ಮಾರನೇ ದಿನ ಭಾವ ಅದನ್ನು ಬಸ್ಸಿನ ಟಾಪಿಗೆ ಏರಿಸಿ, ಹಾರದ ಸಮೇತ ಕುಣಿಗಲ್ಲಿಗೆ ಒಯ್ದರು.

ಹೊಸದು ನನಗೇ ಉಳಿಯಿತು. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಯಿತು. ಬೆಳಿಗ್ಗೆ ಹಾಲು ತರಲು ಹೊರಟವನು ಪೆಡಲ್ ಮೇಲೆ ಕಾಲಿಟ್ಟೆ. ಹೆಂಡತಿ ಬಾಗಿಲಿಗೆ ಬಂದಳು. ಒಂದು ತಿಂಗಳು ಅದನ್ನೇ 'ನಿಮ್ಮಣ್ಣನ ಸೈಕಲ್ಲು' ಎಂದು ಅವಳನ್ನು ನಂಬಿಸಿದವನು ನಾನೇ ತಾನೆ?

"ರೀ, ನಮ್ಮಣ್ಣ ಪಾಪ ಸಿದ್ದಲಿಂಗಣ್ಣನ ಸೈಕಲ್ ತಗೊಂಡೋದ. ನಮ್ಮಣ್ಣಂದನ್ನ ಯಾವತ್ತು ವಾಪಸ್ ಕೊಡ್ತೀರಿ?"