ಅಕ್ಕನ ಸರ್ವಿಸ್‌ನಲ್ಲಿ ಐದು ತಿಂಗಳು

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೇಳು. ಅವಳು ಓದು ಬಿಟ್ಟು ಮನೆ ಹಿಡಿದಳು, ನಾನು ಶಾಲೆಗೆ ಹೋದೆ. ಗುಬ್ಬಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಅಪ್ಪನಿಗೆ ಕೈಲಾಗದೆ ಹೋದ ಮೇಲೆ, ಎಪ್ಪತ್ತಾರರಲ್ಲಿ, ಅಕ್ಕ ಕ್ಯಾತ್ಸಂದ್ರದ ಕಡೆಯ ಒಂದು ನೂಲಿನ ಮಿಲ್ಲಿಗೆ ಸೇರಿದಳು. ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದಳು. ಜಡೆಯಲ್ಲಿ ಸಿಕ್ಕಿಕೊಂಡ ಹತ್ತಿಯ ಎಳೆಗಳನ್ನು ನಾನು ಬಾಚಿ ತೆಗೆಯುತ್ತಿದ್ದೆ. ಮದುವೆಯ ಮಾತು ಬಂದಾಗಲೆಲ್ಲ "ಮೊದ್ಲು ಅವಳದ್ದಾಗ್ಲಿ" ಅನ್ನುತ್ತಿದ್ದಳು. ನನ್ನದಾಗುವ ಹೊತ್ತಿಗೆ ಅಪ್ಪನೂ ಇರಲಿಲ್ಲ. ಕುಣಿಗಲ್ಲಿನ ಶಾಲಾ ಮೇಷ್ಟರೊಬ್ಬರಿಗೆ ನನ್ನನ್ನು ಧಾರೆ ಎರೆಸಿ ಬಸ್ಸು ಹತ್ತಿಸಿದ ಮೇಲೆ ಅವಳದ್ದನ್ನು ಕೇಳುವವರು ಯಾರೂ ಉಳಿಯಲಿಲ್ಲ.

ಎಂಬತ್ತೊಂದರಲ್ಲಿ ನನಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಮಗು ಅಂಗೈ ಅಗಲ ಇತ್ತು. ನನಗೆ ರಕ್ತ ಹೋಗಿ, ಮೇಲೆ ಜ್ವರ ಹತ್ತಿ, ಏಳಲು ಆಗುತ್ತಿರಲಿಲ್ಲ. ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದರು. ಅಕ್ಕ ಬಂದು ನಮ್ಮಿಬ್ಬರನ್ನೂ ಗುಬ್ಬಿಗೆ ಕರೆದುಕೊಂಡು ಹೋದಳು.

"ನಿನ್ ಕೆಲ್ಸ ಅಕ್ಕ?" ಎಂದು ಕೇಳಿದೆ.

"ರಜ ಕೊಟ್ಟವ್ರೆ ಕಣೇ. ಒಳ್ಳೇ ಜನ. ನೀನ್ ಸುಮ್ನೆ ಮಲಕ್ಕೋ."

ಐದು ತಿಂಗಳು ಅವಳು ನನ್ನ ಬಾಣಂತನ ಮಾಡಿದಳು. ಮಗುವಿಗೆ ಹಾಲು ಚೀಪುವ ಶಕ್ತಿ ಇರಲಿಲ್ಲ. ಅದನ್ನು ಎದೆಗೆ ಕಟ್ಟಿಕೊಂಡು, ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದಳು. ಮಗಳು ಮಗುಚಿಕೊಂಡ ದಿನ ಬೀದಿಯವರಿಗೆಲ್ಲ ಸಕ್ಕರೆ ಹಂಚಿದಳು. ನಾವು ಕುಣಿಗಲ್ಲಿಗೆ ಮರಳಿದೆವು. ಅವಳು ಮತ್ತೆ ಮಿಲ್ಲಿಗೆ ಹೋದಳು.

ಮತ್ತೆ ಸೇರಿ ಎರಡು ವರ್ಷ ಆಗುತ್ತಾ ಬಂದಿತ್ತು. ಅಕ್ಕನಿಗೆ ಬೆನ್ನು ನೋವು ಶುರುವಾಯಿತು. ಬಗ್ಗಿ ಬಗ್ಗಿ ಕೆಲಸ ಮಾಡಿ ಹೀಗಾಗಿದೆ ಅಂದುಕೊಂಡು ಎಣ್ಣೆ ಹಚ್ಚಿಕೊಂಡೇ ಹೋಗಿಬರುತ್ತಿದ್ದಳು. ಒಂದು ದಿನ ರೈಲಿಳಿಯುವಾಗ ಕಾಲು ಕುಸಿಯಿತು. ಬೆನ್ನುಮೂಳೆಗೆ ಕ್ಷಯ ಹತ್ತಿದೆ ಎಂದರು ಡಾಕ್ಟರು. ಸೊಂಟದ ಸುತ್ತ ಪ್ಲಾಸ್ಟರ್ ಪಟ್ಟಿ ಹಾಕಿ ಹಲಗೆಯ ಮೇಲೆ ಮಲಗಿಸಿದರು. ಮಿಲ್ಲಿನವರಿಗೆ ಸರ್ಕಾರದ ವಿಮೆ ಇತ್ತು. ಮೊದಲ ಮೂರು ತಿಂಗಳು ಔಷಧಿ, ಅರ್ಧ ಸಂಬಳ ಎರಡೂ ಬಂದವು. ಆಮೇಲೆ ನಿಂತುಹೋದವು. ಇಂಥ ದೊಡ್ಡ ಕಾಯಿಲೆಗೆ ಇನ್ನೂ ಬಹಳ ದಿನ ಕೊಡುತ್ತಾರೆ ಎಂದು ಯಾರೋ ಹೇಳಿದ್ದರಿಂದ ನಾನು ತುಮಕೂರಿನ ವಿಮೆ ಕಚೇರಿಗೆ ಹೋದೆ.

ಅಲ್ಲಿದ್ದ ಗುಮಾಸ್ತರು ವಯಸ್ಸಾದವರು. ಕಡತ ತೆಗೆದು ನಿಧಾನವಾಗಿ ಓದಿದರು.

"ನೋಡಮ್ಮ, ಕೊಡೋದೇನೋ ಹೌದು. ಆದ್ರೆ ಕಾಯಿಲೆ ಬೀಳೋ ಹೊತ್ಗೆ ಬಿಡದಂಗೆ ಎರಡು ವರ್ಷ ಸರ್ವಿಸ್ ಇರ್ಬೇಕು. ಇವ್ರದ್ದು ಎರಡು ತಿಂಗಳು ಕಡಿಮೆ ಬೀಳ್ತದೆ."

"ಎಪ್ಪತ್ತಾರರಿಂದ ಮಾಡ್ತವ್ಳೆ ಸಾರ್."

"ಮಧ್ಯೆ ಕೆಲ್ಸ ಬಿಟ್ಟಿದ್ರಲ್ಲ. ಮತ್ತೆ ಸೇರಿದ್ದು ಹೊಸ ಸರ್ವಿಸ್ಸು. ಹಳೇದು ಲೆಕ್ಕಕ್ಕೆ ಬರಲ್ಲ."

"ಬಿಟ್ಟಿಲ್ಲ ಸಾರ್. ಅದು ರಜ. ನನ್ನ ಬಾಣಂತನಕ್ಕೆ ರಜ ಹಾಕಿದ್ಲು."

ಅವರ ಮುಖ ಅರಳಿತು. "ಹಂಗಿದ್ರೆ ಮಿಲ್ಲಿಂದ ಒಂದು ಕಾಗದ ತನ್ನಿ. ರಜ ಅಂತ ಬರ್ಕೊಟ್ರೆ ನಾನೇ ಮೇಲಕ್ಕೆ ಕಳಿಸ್ತೀನಿ."

ನಾನು ಊಟವನ್ನೂ ಮಾಡದೆ ಕ್ಯಾತ್ಸಂದ್ರಕ್ಕೆ ಹೋದೆ. ಮಿಲ್ಲಿನಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನವರು ನಾನು ಹೇಳಿದ್ದನ್ನೆಲ್ಲ ಕೇಳಿ, ಒಂದು ಹಾಳೆ ಹುಡುಕಿ ನನ್ನ ಮುಂದಿಟ್ಟರು. ಅಕ್ಕನ ದುಂಡು ಅಕ್ಷರ. 'ನನ್ನ ತಂಗಿಯ ಬಾಣಂತನ ಮಾಡಲು ಬೇರೆ ಯಾರೂ ಇಲ್ಲದ ಕಾರಣ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ದಯವಿಟ್ಟು ಒಪ್ಪಿಕೊಳ್ಳಬೇಕು.'

"ಹದಿನೈದು ದಿನಕ್ಕಿಂತ ಜಾಸ್ತಿ ರಜ ಕೊಡಕ್ಕಾಗಲ್ಲ ಅಂದ್ವಿ. ಅಲ್ಲೇ ನಿಂತ್ಕೊಂಡು ಇದನ್ನ ಬರ್ಕೊಟ್ರು" ಎಂದರು ಅವರು.

ನಾನು ಆ ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಆಮೇಲೆ ಹೇಗೆ ಗುಬ್ಬಿ ತಲುಪಿದೆನೋ ನೆನಪಿಲ್ಲ. ಅಕ್ಕ ಹಲಗೆಯ ಮೇಲೆ ಅಂಗಾತ ಮಲಗಿದ್ದಳು. ಎರಡೂವರೆ ವರ್ಷದ ಮಗಳು ಪಕ್ಕದಲ್ಲಿ ಕೂತು ಅವಳ ಬಳೆಗಳನ್ನು ಎಳೆದಾಡುತ್ತಿದ್ದಳು.

"ರಜ ಅಂತ ಯಾಕಕ್ಕ ಸುಳ್ಳು ಹೇಳ್ದೆ?"

ಅವಳಿಗೆ ಗೊತ್ತಾಯಿತು. ಮಗಳ ಕೈಯಿಂದ ಬಳೆ ಬಿಡಿಸಿಕೊಂಡಳು. "ಹದಿನೈದ್ ದಿನಕ್ಕೆ ಬಾಣಂತನ ಮುಗಿತದೇನೇ? ಕೆಲ್ಸ ಬುಟ್ಟೆ ಅಂದಿದ್ರೆ ನೀನು ಆ ಜ್ವರದಲ್ಲೇ ಎದ್ದು ಕುಣಿಗಲ್ ಬಸ್ ಹತ್ತಿರ್ತಿದ್ದೆ. ನಂಗೊತ್ತಿಲ್ವಾ ನಿನ್ನ?"

"ನನ್ನಿಂದ ಹಿಂಗಾಯ್ತಲ್ಲಕ್ಕ."

"ಥೂ, ಬುಡು. ಇಂಥಾ ಕಾಯಿಲೆ ಬರ್ತದೆ ಅಂತ ಯಾರ್ ಕಂಡಿದ್ರು? ಅಳ್ಬೇಡ, ಪಾಪು ಹೆದರ್ಕೋತದೆ."

ಎರಡು ಅರ್ಜಿ ಹಾಕಿದೆವು. ಎರಡಕ್ಕೂ ಒಂದೇ ಉತ್ತರ ಬಂತು. ಗುಬ್ಬಿಯಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ. ನಮ್ಮ ಯಜಮಾನರು ಅವಳನ್ನು ಎತ್ತಿಕೊಂಡು ಬಾಡಿಗೆ ಕಾರಿನಲ್ಲಿ ಕೂರಿಸಿದರು. ತಂಗಿಯ ಗಂಡನೆಂದು ಸಲುಗೆಯಿಂದ ಮಾತಾಡಿಸುತ್ತಿದ್ದ ಅವರೆದುರು ಅವತ್ತು ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಕುಣಿಗಲ್ಲಿನಲ್ಲಿ ಅಂಗವಿಕಲರ ಮಾಸಾಶನಕ್ಕೂ ಬರೆದುಕೊಂಡೆವು. ಸಂಬಳದವರ ಮನೆಯಲ್ಲಿ ಇದ್ದಾರೆ, ನೋಡಿಕೊಳ್ಳುವವರಿದ್ದಾರೆ ಎಂದು ಅದೂ ಆಗಲಿಲ್ಲ.

ನಾಲ್ಕು ವರ್ಷ ಅವಳು ನಮ್ಮ ನಡುಮನೆಯಲ್ಲಿದ್ದಳು. ಕೂರುವಷ್ಟು ಚೇತರಿಸಿಕೊಂಡಳು, ನಡೆಯಲಿಲ್ಲ. ಅನ್ನದ ಋಣ ಅನ್ನುವ ಮಾತನ್ನು ಅವಳು ಒಮ್ಮೆಯೂ ಆಡಲಿಲ್ಲ, ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಅವರೆಕಾಯಿ ಸುಲಿಯುವಳು, ಅಕ್ಕಿ ಆರಿಸುವಳು, ಬೀದಿಯವರ ರವಿಕೆಗಳಿಗೆಲ್ಲ ಹುಕ್ಕು ಹಾಕಿಕೊಡುವಳು. ಎರಡನೇ ಸಲ ಅನ್ನ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುವಳು. ಅದನ್ನು ನೋಡಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ನಿಂತುಬಿಡುತ್ತಿದ್ದೆ.

ಎಂಬತ್ತೆಂಟರ ಬೇಸಿಗೆಯ ಮೊದಲಲ್ಲಿ ಜ್ವರ ಬಂದು, ಮೂರೇ ದಿನಕ್ಕೆ ಹೋದಳು. ಮಧ್ಯಾಹ್ನ, ಮಗಳು ಶಾಲೆಯಲ್ಲಿದ್ದಳು. ನನ್ನ ಕೈ ಅಕ್ಕನ ಕೈಯಲ್ಲಿತ್ತು.

ಮರಣ ಬರೆಸಲು ಪುರಸಭೆ ಕಚೇರಿಗೆ ಯಜಮಾನರ ಜೊತೆ ನಾನೂ ಹೋದೆ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತದೆ "ಉದ್ಯೋಗ?" ಎಂದರು.

"ಮಿಲ್ಲಲ್ಲಿ ಕೆಲ್ಸ" ಎಂದೆ. "ಏಳು ವರ್ಷದ ಮೇಲೆ ಮಾಡವ್ಳೆ."

"ಈಗ ಸಾಯೋವಾಗ ಏನ್ಮಾಡ್ತಿದ್ರು ಅಂತ ಹೇಳಿ."

ನಾನು ಯಜಮಾನರ ಕಡೆ ನೋಡಿದೆ. ಅವರು ಕಾದು, 'ಇಲ್ಲ' ಎಂದು ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾನು ಅದರ ಕೆಳಗೆ ಸಹಿ ಮಾಡಿದೆ.