ಅವ್ವನ ಎದುರು ಮಂಚದಾಕಿ

ಸೊಂಟದ ಎಲುಬು ಮುರಿದು ಆಪರೇಷನ್ ಆದ ಮೇಲೆ ನನ್ನ ಅವ್ವನನ್ನು ಸಿಂಧನೂರಿನ ಒಂದು ವೃದ್ಧಾಶ್ರಮದಲ್ಲಿ ಇಟ್ಟೆವು. ಅಲ್ಲಿ ನರ್ಸ್ ಇದ್ದಳು, ವ್ಯಾಯಾಮ ಮಾಡಿಸುವವರಿದ್ದರು. ಮಸ್ಕಿಯಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುವ ನನ್ನಿಂದ ಅದೆಲ್ಲ ಆಗುವಂತಿರಲಿಲ್ಲ. ನಡೆಯಲು ಬಂದ ಕೂಡಲೇ ಮನೆಗೆ ಕರೆತರುವುದು ಅಂತ ಮಾತಾಗಿತ್ತು. ಆದರೆ ಕೋಲು ಹಿಡಿದು ಓಡಾಡುವಂತಾದಾಗ ಅವ್ವನೇ ಒಪ್ಪಲಿಲ್ಲ.

"ಅಕ್ಕನ್ನ ಬಿಟ್ಟು ಹ್ಯಾಂಗ ಬರ್ಲಿ?" ಅಂದಳು.

ಅಕ್ಕ ಅಂದರೆ ಎದುರು ಮಂಚದಾಕಿ. ಲಿಂಗಸುಗೂರಿನಲ್ಲಿ ಗಂಡನ ಜೊತೆ ಬಳೆ ಅಂಗಡಿ ನಡೆಸಿದ್ದ ಮುಸ್ಲಿಂ ಹೆಂಗಸು, ಅವ್ವನಿಗಿಂತ ತುಸು ದೊಡ್ಡವಳು. ನಾನು ಬಾಯಿತುಂಬ ಖಾಲಾ, ಅಂದರೆ ದೊಡ್ಡವ್ವ, ಅಂತಲೇ ಕರೆಯುತ್ತಿದ್ದೆ. ಒಳಗೆ ಮಾತ್ರ ಆಕೆಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಭಾನುವಾರ ನಾನು ಶೇಂಗಾ ಹೋಳಿಗೆ ಒಯ್ದರೆ ಅವ್ವ ಮೊದಲ ತುಂಡನ್ನು ಆಕೆಯ ಕೈಗೆ ಇಡುತ್ತಿದ್ದಳು. ನಾನು ಮನೆಯ ಸುದ್ದಿ ಹೇಳುವಾಗ ಇಬ್ಬರೂ ಯಾವುದಕ್ಕೋ ನಕ್ಕುಬಿಡುತ್ತಿದ್ದರು. ಯಾಕೆ ಅಂತ ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತಿದ್ದರು. ನಾನು ಒಬ್ಬಳೇ ಮಗಳು, ಅಪ್ಪ ಬೇಗ ತೀರಿಕೊಂಡಿದ್ದ. ಅವ್ವನನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ನನಗೆ ರೂಢಿಯೇ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಒಬ್ಬರು ಡಾಕ್ಟರಮ್ಮ ಅಲ್ಲಿರುವ ಎಲ್ಲರ ನೆನಪಿನ ಪರೀಕ್ಷೆ ಮಾಡಲು ಬಂದರು. ಮರೆವಿನ ಕಾಯಿಲೆ ಶುರುವಾಗಿದ್ದರೆ ಬೇಗ ತಿಳಿಯಲಿ ಅಂತ. ಮನೆಯವರೂ ಇರಬೇಕು ಅಂದದ್ದರಿಂದ ನಾನೂ ಹೋಗಿದ್ದೆ.

"ಇವತ್ತು ಯಾವ ವಾರ ಹೇಳ್ರಿ ಅಮ್ಮಾ" ಅಂದರು.

ಅವ್ವ ಎದುರು ಮಂಚ ನೋಡಿದಳು. ಖಾಲಾ "ಶುಕ್ರವಾರ" ಅಂದಳು. "ಶುಕ್ರವಾರ" ಅಂದಳು ಅವ್ವ, ತಾನೇ ನೆನಪಿಸಿಕೊಂಡವಳ ಹಾಗೆ. ಡಾಕ್ಟರಮ್ಮ ನಕ್ಕು ನನ್ನ ಕಡೆ ಕೈ ತೋರಿಸಿದರು.

"ಇವರು ಯಾರು?"

"ನನ್ನ ಮಗಳು."

"ಹೆಸರೇನು?"

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಎದುರು ಮಂಚದ ಕಡೆ ತಿರುಗಿದಳು. ಖಾಲಾ ನನ್ನ ಹೆಸರು ಹೇಳಿಕೊಟ್ಟಳು. ಅವ್ವ ಅದನ್ನೇ ಹೇಳಿದಳು.

ಅವ್ವ ಮರೆತಳಲ್ಲ ಅಂತ ಆಮೇಲೆ ಅತ್ತೆ. ಆ ಗಳಿಗೆಯಲ್ಲಿ ಸುಟ್ಟದ್ದು ಬೇರೆ. ಅವ್ವ ನನಗಿಟ್ಟ ಹೆಸರು ಈಗ ಆ ಹೆಂಗಸಿನ ಹತ್ತಿರ ಇತ್ತು.

ಡಾಕ್ಟರಮ್ಮ ಖಾಲಾಳನ್ನು ಹೊರಗೆ ಕೂರಿಸಿ ಅವ್ವನನ್ನು ಒಬ್ಬಳನ್ನೇ ಕೇಳಿದರು. ಕುದುರೆ, ಕೊಡ, ಮಾವಿನಹಣ್ಣು ಎಂಬ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳಿದಾಗ ಅವ್ವನಿಗೆ ಒಂದೂ ಬರಲಿಲ್ಲ. ಗಡಿಯಾರದ ಚಿತ್ರ ಬರೆಯಲು ಕೊಟ್ಟ ಪೆನ್ನನ್ನು ಕೆಳಗಿಟ್ಟು "ಅಕ್ಕ ಎಲ್ಲಿ?" ಅಂದಳು. ಆಮೇಲೆ ಖಾಲಾಳ ಸರದಿ. ಆಕೆಯೂ ಗಡಿಯಾರದ ಮುಳ್ಳು ತಪ್ಪಾಗಿ ಬರೆದಳಂತೆ. ಅದನ್ನು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು.

ಆದರೂ ಖಾಲಾಳದು ವಯಸ್ಸಿಗೆ ತಕ್ಕ ಮರೆವು ಅಂದರು. ಅವ್ವನನ್ನು ಇನ್ನೂ ತಪಾಸಣೆ ಮಾಡಿಸಬೇಕು, ಸದಾ ಒಬ್ಬರು ಕಣ್ಣಿಟ್ಟಿರುವ ಕೆಳಗಿನ ಅಂತಸ್ತಿನ ಕೋಣೆಗೆ ಇಳಿಸುವುದು ಒಳ್ಳೆಯದು ಅಂದರು. ನಾನು ಹಿಂದುಮುಂದು ನೋಡದೆ ಹೂಂ ಅಂದೆ. ಮೆಟ್ಟಿಲು ಇಳಿಯುವಾಗ ಅವ್ವನ ತೋಳು ನನ್ನ ಕೈಯಲ್ಲಿತ್ತು. ಇನ್ನು ಈಕೆ ನನ್ನವಳು ಅನ್ನಿಸಿತು.

ಮುಂದಿನ ಭಾನುವಾರ ಹೋದಾಗ ಅವ್ವ ಸೊರಗಿಹೋಗಿದ್ದಳು. ಸರಿಯಾಗಿ ಉಣ್ಣುತ್ತಿಲ್ಲ ಅಂತ ನರ್ಸ್ ಹೇಳಿದಳು. ನಾನು ರೊಟ್ಟಿ ಮುರಿದು ಪಲ್ಯದಲ್ಲಿ ಕಲಸಿ ಬಾಯಿಯ ಹತ್ತಿರ ಹಿಡಿದೆ.

ಅವ್ವ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. "ನೀವು ಉಣ್ರಿ. ದೂರದಿಂದ ಬಂದೀರಿ."

ಮನೆಗೆ ಬಂದ ಬೀಗರಿಗೆ ಅನ್ನುವ ಹಾಗೆ ರೀ ಹಚ್ಚಿ ಮಾತಾಡಿದಳು. ನಾನು ತಾಟು ಕೆಳಗಿಟ್ಟೆ. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಮೆಟ್ಟಿಲು ಹತ್ತಿದೆ.

ಖಾಲಾ ಅವ್ವನ ಖಾಲಿ ಮಂಚದ ಮೇಲೆ ಕೂತಿದ್ದಳು. "ನಿಮ್ಮವ್ವ ನನ್ನ ಮ್ಯಾಲ ಸಿಟ್ಟಾಗ್ಯಾಳೇನು ಬೇಟಿ? ಹೇಳದ ಕೇಳದ ಹೋಗಿಬಿಟ್ಲು."

"ಇಲ್ಲ ಖಾಲಾ. ಉಣ್ಣಾಕತ್ತಿಲ್ಲ. ನೀವು ಬಂದ್ರ ಉಣ್ತಾಳೋ ಏನೋ."

ಆಕೆ ಕೂಡಲೇ ಎದ್ದಳು. ಸೆರಗು ತಲೆಗೆ ಹೊದ್ದು, ನನ್ನ ಹೆಗಲು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ಬಾಗಿಲಲ್ಲಿ ಆಕೆಯನ್ನು ಕಂಡ ಕೂಡಲೇ ಅವ್ವನ ಮುಖ ಗಂಟಾಯಿತು.

"ಎಲ್ಲಿ ಹೋಗಿದ್ದಿ ನೀ? ನನ್ನೊಬ್ಬಾಕಿನ್ನ ಬಿಟ್ಟು?"

ಬೈಗುಳ ಆಕೆಗೆ, ಮರ್ಯಾದೆ ನನಗೆ. ಆ ಬೈಗುಳ ನನಗೆ ಬಿದ್ದಿದ್ದರೆ ಅನ್ನಿಸಿತು. ಖಾಲಾ ತಾಟು ಎತ್ತಿಕೊಂಡಳು, ಅವ್ವ ಉಂಡಳು.

ಲಿಂಗಸುಗೂರಿನಿಂದ ಬಂದ ಖಾಲಾಳ ಮಗ ತಾಯಿಯ ಮಂಚವನ್ನೂ ಕೆಳಗೆ ಇಳಿಸಲು ಒಪ್ಪಿದ. ಡಾಕ್ಟರಮ್ಮನೂ ಆಗಲಿ ಅಂದರು. ಚಳಿಗಾಲದಲ್ಲಿ ಮತ್ತೆ ಪರೀಕ್ಷೆಯಾದಾಗ ಅವ್ವನ ನೆನಪು ಇನ್ನಷ್ಟು ಹಿಂದೆ ಬಿದ್ದಿತ್ತು, ಮೈ ಮಾತ್ರ ತುಂಬಿಕೊಂಡಿತ್ತು.

ನಾನು ಈಗಲೂ ಭಾನುವಾರ ಹೋಗುತ್ತೇನೆ. ಮೊನ್ನೆ ಅವ್ವ ನನ್ನನ್ನು ಬಹಳ ಹೊತ್ತು ನೋಡಿ, "ಈಕಿ ಯಾರು, ಅಕ್ಕಾ?" ಅಂತ ಕೇಳಿದಳು.

"ನಮ್ಮ ಮಗಳು" ಅಂದಳು ಖಾಲಾ.

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ನನಗೆ ಗೊತ್ತು. ಆದರೂ 'ನಮ್ಮ' ಅನ್ನುವ ಆ ಮಾತು ನನಗೆ ಸೇರಲಿಲ್ಲ. 'ನಿನ್ನ ಮಗಳು' ಅನ್ರಿ ಖಾಲಾ, ಅಂತ ಹೇಳಬೇಕೆಂದು ಬಾಯಿತನಕ ಬಂದಿತ್ತು. ಅವ್ವ ಅಷ್ಟರಲ್ಲಿ ತಲೆಯಾಡಿಸಿ ನನಗೆ ಕೂರಲು ಮಂಚದ ಮೇಲೆ ಜಾಗ ಮಾಡಿದ್ದಳು. ನಾನು ಕೂತೆ.