ಇಲ್ಲೇ ಹೊಳ್ಳುವ ಕೈ

ನನ್ನ ಬಾಯಿ ಹೆಚ್ಚು ಸುಳ್ಳು ಹೇಳಿದ್ದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ ಮತ್ತೆ. ಒಂದು ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಂಡು ಓಡಾಡಬೇಕಲ್ಲ, ಆ ಕಿರಿಕಿರಿ ನನಗಾಗದು. ಆದರೆ ನನ್ನ ಎಡಗೈ ಮಾತ್ರ ಮಹಾ ಸುಳ್ಳುಬುರುಕ. ಎಂಟು ತಿಂಗಳ ಕಾಲ, ರವಿವಾರ ಮತ್ತು ಸೂಟಿಯ ದಿನ ಬಿಟ್ಟು, ದಿನಾ ಮುಂಜಾನೆ ಒಂದೇ ಜಾಗದಲ್ಲಿ ಅದು ಒಂದೇ ಸುಳ್ಳು ಹೇಳಿತು. ನಾನು ಕಾರಿನಲ್ಲಿ ಕೂತು ಹೇಳಿಸಿದೆ.

ಕಾರು ಓಡಿಸುವವರಿಗೆ ಆ ಸುಳ್ಳು ಗೊತ್ತಿರುತ್ತದೆ. ದಾರಿಬದಿ ಯಾರೋ ಕೈ ಮಾಡುತ್ತಾರೆ. ನಿಲ್ಲಿಸುವ ಮನಸ್ಸಿಲ್ಲ. ಮುಖ ತಿರುಗಿಸಿಕೊಂಡು ಹೋದರೆ ಸೊಕ್ಕಿನವನು ಅಂದುಕೊಂಡಾರು ಎಂಬ ಅಳುಕು ಬೇರೆ. ಆಗ ಸ್ಟೇರಿಂಗಿನ ಮೇಲಿದ್ದ ಎಡಗೈ ಮೆಲ್ಲಗೆ ಎದ್ದು, ಅಂಗೈ ಓರೆ ಮಾಡಿಕೊಂಡು ಪಕ್ಕಕ್ಕೆ ಬಾಗುತ್ತದೆ. ಅದರ ಅರ್ಥ, 'ಇಲ್ಲೇ ಹೊಳ್ಳಾಂವ ಅದೀನಿ, ಮುಂದ ಬರಂಗಿಲ್ಲ.' ತುಟಿಯನ್ನು ಒಂದಿಷ್ಟು ಸೊಟ್ಟ ಮಾಡಿದರೆ ವಿಷಾದವೂ ಸೇರಿದ ಹಾಗಾಯಿತು. ನಾನು ಕೈ ಬಾಗಿಸುತ್ತಿದ್ದ ಜಾಗದಲ್ಲಿ ಎಡಕ್ಕೆ ಗೋವಿನಜೋಳದ ಹೊಲ, ಬಲಕ್ಕೆ ಬಂಡೆಗಲ್ಲು. ಹೇಳಿದಂತೆ ನಿಜವಾಗಿ ತಿರುಗಿದ್ದರೆ ಯಾರದೋ ತೆನೆಗಳ ನಡುವೆ ಕಾರು ನಿಲ್ಲಿಸಿ ಕೂರಬೇಕಾಗಿತ್ತು.

ನಾನು ಕೊಪ್ಪಳದಲ್ಲಿ ಮನೆ ಮಾಡಿಕೊಂಡು, ಇರಕಲ್ಲಗಡದ ಆಚೆಗಿನ ಒಂದು ಊರಿನ ಶಾಲೆಗೆ ದಿನಾ ಹೋಗಿಬರುವವನು. ಅಲ್ಲಿ ಹೆಡ್‌ಮಾಸ್ತರ. ಊರಿನ ಹೆಸರು ಹೇಳುವುದಿಲ್ಲ, ನಾಚಿಕೆ. ಕಾರು ಹಳೆಯದೇ, ಇನ್ನೊಬ್ಬರಿಂದ ಕೊಂಡದ್ದು, ಆದರೆ ಹಿಂದಿನ ಸೀಟಿಗೆ ಹೊಸ ಕವರ್ ಹಾಕಿಸಿ ಅದರ ಮೇಲಿನ ಪ್ಲಾಸ್ಟಿಕ್ ತೆಗೆಯದೆ ಬಿಟ್ಟಿದ್ದೆ. ಇದನ್ನು ಹೆಂಡತಿಯ ತಲೆಗೆ ಕಟ್ಟುವ ಆಸೆಯೇನೋ ಇದೆ. ಆದರೆ ಆಕೆ ಮರಳಿ ಎಂಬ ಊರಿನವಳು. ಭತ್ತದ ಸೀಮೆಯ ಧಾರಾಳದ ಮನೆಯಲ್ಲಿ ಬೆಳೆದವಳು. ದಾರಿಯಲ್ಲಿ ಕಂಡವರನ್ನೆಲ್ಲ ಹತ್ತಿಸಿಕೊಂಡು, ಅವರ ಬೀಗರು ಬಿಜ್ಜರನ್ನೆಲ್ಲ ವಿಚಾರಿಸುವ ಪೈಕಿ. ಪ್ಲಾಸ್ಟಿಕ್ ನನ್ನದೇ ಬುದ್ಧಿ. ಕೆಸರಿನ ಕಾಲು, ಹಿಂಡಿ ಚೀಲ, ಮೇಲೆ 'ಸರ, ನಮ್ಮ ಹುಡುಗನ ಟಿ.ಸಿ.' ಎಂಬ ಮಾತು, ಇವ್ಯಾವೂ ಇಲ್ಲದೆ ಮುಂಜಾನೆಯ ಅರ್ಧ ತಾಸು ನನ್ನದಾಗಿರಲಿ ಎಂಬ ಜಿಪುಣತನ. ಹುಡುಕಿದರೆ ಇದಕ್ಕಿಂತ ದೊಡ್ಡ ಕಾರಣ ಸಿಗುವುದಿಲ್ಲ.

ಇಂಥ ನಾನು ಕಳೆದ ಮಳೆಗಾಲದಲ್ಲಿ, ಮೊಬೈಲಿನಲ್ಲಿ ಅದು ಇದು ಓದಿಕೊಂಡು, ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ದೇಶದೇಶಗಳ ಕೈಸನ್ನೆಗಳ ಬಗ್ಗೆ ಭಾಷಣ ಬಿಗಿದೆ. ಹೆಬ್ಬೆರಳು ಎತ್ತಿದರೆ ಮೊಬೈಲಿನಲ್ಲಿ ಭೇಷ್ ಅಂದಂತೆ. ಇರಾನಿನ ಹಿರಿಯರ ಮುಂದೆ ಎತ್ತಿದರೆ ಜಗಳ. ನಮ್ಮ ಕಡೆ ಅದನ್ನೇ ಎತ್ತಿ ಅಲ್ಲಾಡಿಸಿದರೆ 'ನಿನಗೇನೂ ಸಿಗಂಗಿಲ್ಲ, ಹೋಗು' ಎಂದು ಅಣಕಿಸಿದಂತೆ. ಐದೂ ಬೆರಳು ಅರಳಿಸಿ ಅಂಗೈ ಚಾಚಿದರೆ ಗ್ರೀಸಿನವರಿಗೆ ಬೈಗುಳ. ನಮ್ಮ ಗುಡಿಯಲ್ಲಿ ದೇವರು ಅದೇ ಅಂಗೈ ತೋರಿಸಿ ಹೆದರಬೇಡ ಅನ್ನುತ್ತಾನೆ. ಬೆರಳನ್ನು ಉಂಗುರ ಮಾಡಿದರೆ ಜಪಾನಿನಲ್ಲಿ ದುಡ್ಡು, ಫ್ರಾನ್ಸಿನಲ್ಲಿ ಸೊನ್ನೆ, ನಮ್ಮಲ್ಲಿ ಪಂಕ್ತಿಗೆ ಕೂತ ಬೀಗರು ಮಾಡಿದರೆ ಹೋಳಿಗೆ ಛಲೋ ಆಗ್ಯಾವು ಅಂತ. ಇಟಲಿಯವರು ಬೆರಳ ತುದಿಗಳನ್ನು ಕೂಡಿಸಿ ಅಲ್ಲಾಡಿಸಿದರೆ 'ಏನಪ್ಪಾ ನಿನ್ನ ಗೋಳು' ಎಂದಂತೆ; ನಾವು ಅದೇ ಬೆರಳುಗಳನ್ನು ಬಾಯ ಕಡೆಗೆ ಒಯ್ದರೆ ಊಟ ಆಯಿತೇ ಎಂದು ಕೇಳಿದಂತೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಉಮೇದು ಬಂತು.

ಹನುಮನಹಳ್ಳಿಯ ಕತೆಯನ್ನೂ ಹೇಳಿದೆ. ಅಂಜನಾದ್ರಿ ಬೆಟ್ಟಕ್ಕೆ ಹೋದಾಗ ಆ ಊರಿನ ಚಹಾ ಅಂಗಡಿಯ ಅಜ್ಜಿಯೊಬ್ಬಳು, ಟೋಪಿ ಮರೆತು ಹೊರಟಿದ್ದ ವಿದೇಶಿ ಹುಡುಗಿಯನ್ನು ಕೈಬೀಸಿ ಕರೆಯುತ್ತಿದ್ದಳು. ನಾವು ಕರೆಯುವುದು ಅಂಗೈ ಕೆಳಗೆ ಮಾಡಿ. ಆ ಹುಡುಗಿಯ ದೇಶದಲ್ಲಿ ಅದು ಆಚೆ ಹೋಗು ಅಂದ ಹಾಗೆ. ಅಜ್ಜಿ ಜೋರಾಗಿ ಬೀಸಿದಷ್ಟೂ ಹುಡುಗಿ ಗಾಬರಿಯಾಗಿ ಹಿಂದೆ ಸರಿಯುತ್ತಾ ಬಾಳೆತೋಟದ ಬೇಲಿ ಮುಟ್ಟಿದಳು. ಕೊನೆಗೆ ಅಜ್ಜಿಯೇ ಟೋಪಿ ಹಿಡಿದು ಓಡಬೇಕಾಯಿತು. ಏದುಸಿರು ಬಿಡುತ್ತಾ ಬಂದ ಅಜ್ಜಿಗೆ ನಾನು ಇದರ ಮರ್ಮ ವಿವರಿಸಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೊತ್ತಿದ್ದವರು ಮೊದಲೇ ಹೇಳಬಾರದೇನ್ರಿ ಅಂದಳು. ಈ ಕಡೆಯ ಮಾತನ್ನು ಮಾತ್ರ ಮಕ್ಕಳಿಗೆ ಹೇಳಲಿಲ್ಲ. ಕೈ ಕಟ್ಟಿಕೊಂಡು ನಿಂತು ನೋಡುವುದು ನನ್ನ ಹಳೆಯ ಚಟ ಎಂದು ಅವರಿಗೆ ಗೊತ್ತಾಗುವುದು ಬೇಡವಾಗಿತ್ತು.

ಭಾಷಣದ ಕೊನೆಗೆ ಕುಷ್ಟಗಿಯ ದನದ ಸಂತೆಗೆ ಬಂದೆ. ಅಲ್ಲಿ ದಲಾಲರು ಟವೆಲಿನ ಕೆಳಗೆ ಕೈ ಕೈ ಹಿಡಿದು ಬೆರಳಿನಲ್ಲೇ ವ್ಯಾಪಾರ ಕುದುರಿಸುತ್ತಾರೆ. ಬಾಯಲ್ಲಿ ಎಷ್ಟೇ ಬಡಾಯಿ ಕೊಚ್ಚಲಿ, ಟವೆಲಿನೊಳಗೆ ಒತ್ತಿದ ಬೆರಳಿನ ಮಾತಿಗೆ ತಪ್ಪುವುದಿಲ್ಲ. ಆದ್ದರಿಂದ ಮಕ್ಕಳೇ, ಮನುಷ್ಯನ ನಾಲಿಗೆಗಿಂತ ಕೈಯನ್ನು ನಂಬಿ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಬಿಸಿಯೂಟದ ಕೋಣೆಯ ಬಾಗಿಲಲ್ಲಿ ಹುಲಿಗೆವ್ವ ಸೌಟು ಹಿಡಿದು ನಿಂತು ಪೂರಾ ಕೇಳಿಸಿಕೊಳ್ಳುತ್ತಿದ್ದಳು. ಹಾಲು ಕಾಯಿಸುವುದು ಬಿಟ್ಟು ಇಲ್ಲೇನು ಕೆಲಸ ಎಂದು ನಾನು ಕಣ್ಣಲ್ಲೇ ಗದರಿಸಿದ್ದು ನೆನಪಿದೆ.

ಈ ಹುಲಿಗೆವ್ವ ನಮ್ಮ ಶಾಲೆಯ ಅಡುಗೆಯವಳು. ನಲವತ್ತರ ಆಸುಪಾಸು. ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಮನೆ ನಡೆಯುತ್ತಿದ್ದದ್ದೇ ಈ ಕೆಲಸದ ಮೇಲೆ. ಮುಂಜಾನೆ ಮಕ್ಕಳು ಬರುವುದರೊಳಗೆ ಹಾಲು ಕಾಯಿಸಿಡಬೇಕು, ಆಮೇಲೆ ಅನ್ನ ಸಾರು. ಮೊದಮೊದಲು ಗಡಿಯಾರದಂತೆ ಬರುತ್ತಿದ್ದವಳು ಆಮೇಲೆ ತಡ ಮಾಡಲು ಶುರುಮಾಡಿದಳು, ಎಂಟು ತಿಂಗಳು ಹಾಗೇ ನಡೆಯಿತು. ಹತ್ತು ಮಿನಿಟು, ಕಾಲು ತಾಸು, ಒಮ್ಮೊಮ್ಮೆ ಅರ್ಧ ತಾಸು. ತವರಿನಲ್ಲಿ ತಾಯಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ, ರಾತ್ರಿ ಅಲ್ಲೇ ಇದ್ದು ಬರುತ್ತಾಳೆ ಎಂದು ಯಾರೋ ಹೇಳಿದ್ದರು. ಕೇಳಿಸಿಕೊಂಡಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ಆಕೆ ಬೆವರುತ್ತಾ ಗೇಟು ದಾಟುವಾಗ ನಾನು ಪಡಸಾಲೆಯಲ್ಲಿ ನಿಂತಿರುತ್ತಿದ್ದೆ. ಬಯ್ಯುತ್ತಿರಲಿಲ್ಲ, ನಾನು ಹಾಗೆಲ್ಲ ಒದರಾಡುವವನಲ್ಲ. ಬಲಗೈಯ ಬೆರಳಿನಿಂದ ಎಡಗೈ ಮಣಿಕಟ್ಟನ್ನು ಎರಡು ಸಲ ಟಕ್ ಟಕ್ ಅನ್ನಿಸುತ್ತಿದ್ದೆ. ವಾಚು ಕಟ್ಟುವುದು ಬಿಟ್ಟು ವರ್ಷಗಳಾಗಿವೆ, ಆದರೂ ಆ ಖಾಲಿ ಮಣಿಕಟ್ಟು ನೋಡಿ ಆಕೆ ತಲೆ ತಗ್ಗಿಸುತ್ತಿದ್ದಳು. ಎಷ್ಟು ಮರ್ಯಾದಸ್ಥ ಶಿಕ್ಷೆ ಎಂದು ನನಗೇ ನನ್ನ ಮೇಲೆ ಮೆಚ್ಚುಗೆ. ಅರ್ಧ ತಾಸಿನ ಹಿಂದೆ ಅದೇ ಎಡಗೈ ಏನು ಮಾಡಿ ಬಂದಿದೆ ಎಂಬುದು ಮನಸ್ಸಿಗೆ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ದಾರಿಯಲ್ಲಿ ಕೈ ಮಾಡುವವರ ಕೈಯನ್ನಷ್ಟೇ ನಾವು ನೋಡುವುದು. ತಲೆ ತುಂಬ ಸೆರಗು ಹೊದ್ದು ಬಿಸಿಲಲ್ಲಿ ನಿಂತ ಹೆಂಗಸಿನ ಮುಖ ನೋಡಿದರೆ ಕಾರು ನಿಲ್ಲಿಸಬೇಕಾಗುತ್ತದೆ.

ಮಕ್ಕಳಿಗೆ ಹಾಲು ತಡವಾಗುತ್ತದೆ ಎಂದು ತಾಯಂದಿರು ದೂರು ತಂದರು. ನಾನು ಶಾಲಾ ಸಮಿತಿಯ ಸಭೆ ಕರೆದು, ಆಕೆಯ ತಡದ ದಿನಗಳನ್ನೆಲ್ಲ ಅಂದವಾದ ಅಕ್ಷರದಲ್ಲಿ ಬರೆದು ಮುಂದಿಟ್ಟೆ. ಸಮಿತಿಯ ಅಧ್ಯಕ್ಷ ಶರಣಪ್ಪ ಒಳ್ಳೆಯ ಮನುಷ್ಯ, ಆದರೆ ಬರೆದದ್ದು ಕಂಡರೆ ಅವನಿಗೆ ಭಾಳ ಭಯಭಕ್ತಿ. ಬೇರೆಯವರನ್ನು ತೆಗೆದುಕೊಳ್ಳುವುದೇ ಸರಿ ಎಂಬಲ್ಲಿಗೆ ಮಾತು ಬಂದು ನಿಂತಿತು. ಹುಲಿಗೆವ್ವನನ್ನು ಕರೆಸಿದರು. ಬಾಗಿಲ ಹೊರಗೇ ನಿಂತಳು. ತವರೂರಿನ ಮುಂದೆ ಬಸ್ಸು ಬರುವುದೇ ಹತ್ತರ ಮೇಲೆ, ಟಂಟಂ ಆಟೋ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ, ಹೆಚ್ಚಿನ ದಿನ ನಡೆದೇ ಬರುತ್ತೇನೆ ಎಂದಳು. ಅಷ್ಟು ಹೊತ್ತು ದಾರಿಬದಿ ನಿಂತರೂ ಈ ಕಡೆ ಬರುವ ಒಂದು ಗಾಡಿಯೂ ಸಿಗುವುದಿಲ್ಲವೇ ಎಂದು ಶರಣಪ್ಪ ಕೇಳಿದ.

ಹುಲಿಗೆವ್ವ ನೆಲ ನೋಡುತ್ತಿದ್ದಳು. "ದಿನಾ ಒಂದು ಬಿಳೀ ಕಾರು ಬರತೈತ್ರಿ," ಅಂದಳು. "ಕೈ ಮಾಡ್ತೀನ್ರಿ. ಆದ್ರ ಅವರು ಅಲ್ಲೇ ಹೊಳ್ಳತಾರಂತ್ರಿ. ಪಾಪ, ಅವರ ದಾರಿನ ಬ್ಯಾರೆ."

ನನ್ನ ಕಿವಿ ಬಿಸಿಯಾಯಿತು. ಬಿಳಿ ಕಾರು ಕಿಟಕಿಯಿಂದ ಕಾಣುವಂತೆ ಬೇವಿನ ಗಿಡದ ನೆರಳಲ್ಲೇ ನಿಂತಿತ್ತು. ಈಕೆಗೆ ಗೊತ್ತಿದೆಯೋ ಇಲ್ಲವೋ? ಗೊತ್ತಿಲ್ಲದೆ ಅಂದಳೋ, ಗೊತ್ತಿದ್ದೇ ನನ್ನ ಮಾನ ಮುಚ್ಚಿದಳೋ? ಬಿಳಿ ಕಾರುಗಳಿಗೇನು ಬರ, ಊರ ತುಂಬ ಇವೆ ಎಂದು ಒಂದು ಕ್ಷಣ ಸಮಾಧಾನ ಮಾಡಿಕೊಳ್ಳಲು ನೋಡಿದ್ದೂ ಉಂಟು. ಮುಂದಿದ್ದ ಹಾಳೆಯಲ್ಲಿ ನನ್ನ ಅಂದವಾದ ಅಕ್ಷರ ಕಾಣುತ್ತಿತ್ತು. ಮಾತು ತಾನಾಗಿ ಹೊರಬಿತ್ತು.

"ಆ ಕಾರು ನಂದೇ," ಅಂದೆ. "ನಾನೇ ನಿಂದ್ರಿಸದ ಬಂದೇನಿ."

ಶರಣಪ್ಪ ನಕ್ಕ. ನಮ್ಮ ಸರ ಭಾಳ ದೊಡ್ಡ ಮನಸ್ಸಿನವರು ನೋಡ್ರಿ, ಬಡವಿಯ ಕೆಲಸ ಉಳಿಯಲಿ ಅಂತ ಆಕೆಯ ತಪ್ಪನ್ನು ತಮ್ಮ ಮೈಮೇಲೆ ಎಳೆದುಕೊಳ್ಳುತ್ತಿದ್ದಾರೆ ಎಂದು ಸುತ್ತ ಕೂತವರಿಗೆ ವಿವರಿಸಿದ. ಅವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಇಷ್ಟು ಹೇಳುವ ಹೆಡ್‌ಮಾಸ್ತರರೇ ಇರುವಾಗ ಆಕೆಯನ್ನು ಬಿಡಿಸುವುದು ಬೇಡ ಎಂದು ತೀರ್ಮಾನವಾಯಿತು. ನಾನು ನೆಟ್ಟಗಿನ ಮನುಷ್ಯನಾಗಿದ್ದರೆ ಇನ್ನೊಮ್ಮೆ ಹೇಳಬೇಕಿತ್ತು. ಕಾರಿನ ಕೀಲಿ ಮೇಜಿನ ಮೇಲಿಟ್ಟು, ನಗಬ್ಯಾಡ್ರಿ, ಇದು ಖರೆ ಅನ್ನಬೇಕಿತ್ತು. ಅಷ್ಟರಲ್ಲಿ ಚಹಾ ಬಂತು. ನಾನು ಕಪ್ಪು ತೆಗೆದುಕೊಂಡೆ. ನಾಳೆಯಿಂದ ನಾನೇ ಕರಕೊಂಡು ಬರುತ್ತೇನೆ ಎಂದು ಮಾತ್ರ ಅಂದೆ. ಅದಕ್ಕೂ ಭೇಷ್ ಅನ್ನಿಸಿಕೊಂಡೆ.

ಬಯ್ಗುಳ ತಿಂದರೆ ಆಗುವ ನಾಚಿಕೆ ಎರಡು ದಿನದ್ದು. ಹೊಗಳಿಕೆ ತಿಂದರೆ ಆಗುವ ನಾಚಿಕೆ ಇದೆಯಲ್ಲ, ಅದು ಬಿಡುವುದೇ ಇಲ್ಲ. ಊರ ತುಂಬ ಸುದ್ದಿಯಾಯಿತು. ಕಾರು ಊರೊಳಗೆ ಬರುವಾಗ ಕಟ್ಟೆಯ ಮೇಲಿನ ಹಿರಿಯರು ಎದ್ದು ಕೈ ಮುಗಿಯುತ್ತಾರೆ. ಸಲ್ಲದ ನಮಸ್ಕಾರಕ್ಕೆ ತಿರುಗಿ ಏನು ಮಾಡಬೇಕು ಎಂದು ನಾನು ಓದಿದ ಯಾವ ದೇಶದ ಸನ್ನೆಯಲ್ಲೂ ಇಲ್ಲ. ನಮ್ಮಲ್ಲಿ ತಪ್ಪೊಪ್ಪಿಗೆಗೆ ಸನ್ನೆಗಳೇನೋ ಬೇಕಾದಷ್ಟಿವೆ. ಕಿವಿ ಹಿಡಿದುಕೊಳ್ಳುತ್ತೇವೆ, ಗಲ್ಲ ಗಲ್ಲ ಬಡಿದುಕೊಳ್ಳುತ್ತೇವೆ. ಶನಿವಾರ ಹನುಮಪ್ಪನ ಮುಂದೆ ಲೆಕ್ಕವಿಲ್ಲದಷ್ಟು ಸಲ ಗಲ್ಲ ಬಡಿದುಕೊಂಡಿದ್ದೇನೆ. ಆದರೆ ಅವನ ಮುಂದೆ ನಾನು ಕಾರು ನಿಲ್ಲಿಸದೆ ಹೋದವನಲ್ಲ. ಯಾರನ್ನು ಬಿಸಿಲಲ್ಲಿ ಬಿಟ್ಟು ಹೋಗಿದ್ದೆನೋ ಆಕೆ ನನ್ನ ಬೆನ್ನ ಹಿಂದೆ ಎರಡು ಮೊಳ ದೂರದಲ್ಲಿ ಕೂತಿರುತ್ತಿದ್ದಳು, ಅವಳ ಮುಂದೆ ನನ್ನ ಕೈ ಕಿವಿಯ ತನಕ ಏಳಲಿಲ್ಲ.

ಮೊದಲ ದಿನ ಆಕೆ ಪ್ಲಾಸ್ಟಿಕ್ ಸುಕ್ಕಾಗದಂತೆ ಸೀಟಿನ ತುದಿಯಲ್ಲಿ ಕೂತಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಸಂಜೆ ಮನೆಗೆ ಬಂದು ಆ ಪ್ಲಾಸ್ಟಿಕ್ಕನ್ನು ಕಿತ್ತು ಬಿಸಾಕಿದೆ. ಈಗಲಾದರೂ ಬುದ್ಧಿ ಬಂತಲ್ಲ ಎಂದಳು ಹೆಂಡತಿ. ಏನಾಯಿತೆಂದು ಅವಳಿಗೂ ಹೇಳಲಿಲ್ಲ. ಹುಲಿಗೆವ್ವನೊಂದಿಗೆ ತಿಂಗಳುಗಟ್ಟಲೆ ಮಾತು ತಾಯಿಯ ಕಾಲು, ಹಾಲಿನ ಪುಡಿ, ಬ್ಯಾಳಿ ಇಷ್ಟರಲ್ಲೇ ಸುತ್ತುತ್ತಿತ್ತು. ನಿನಗೆ ಆಗ ಗೊತ್ತಿತ್ತೇ ಎಂದು ಕೇಳಲು ದಿನಾ ಬಾಯಿ ತೆರೆಯುತ್ತಿದ್ದೆ, ಮುಂಜಾನೆಯ ಬಿಸಿಲಿನ ಬಗ್ಗೆ ಏನೋ ಒಂದು ಹೇಳಿ ಮುಚ್ಚಿಕೊಳ್ಳುತ್ತಿದ್ದೆ.

ಮೊನ್ನೆ ಇರಕಲ್ಲಗಡ ದಾಟಿದ ಮೇಲೆ ಒಬ್ಬ ಮುದುಕ ದಾರಿಬದಿಗೆ ನಿಂತಿದ್ದ. ಹೆಗಲ ಮೇಲೆ ಗೊಬ್ಬರದ ಚೀಲ, ಕಾಲು ಮೊಳಕಾಲ ತನಕ ಕೆಸರು. ಕೈ ಮಾಡಿದ. ಏನು ಹೇಳಲಿ ನಿಮಗೆ, ಇಷ್ಟೆಲ್ಲ ಆದ ಮೇಲೂ, ನಾನು ಹೇಳುವುದರೊಳಗೆ ನನ್ನ ಎಡಗೈ ಎದ್ದಿತ್ತು. ಓರೆಯೂ ಆಗಿತ್ತು.

ಹಿಂದಿನಿಂದ ಹುಲಿಗೆವ್ವ ಮೆಲ್ಲಗೆ, "ನಿಂದ್ರಸ್ರಿ ಸರ, ನಾ ಸರಕೊಂಡು ಕುಂದರ್ತೀನಿ," ಅಂದಳು.

ನಿಲ್ಲಿಸಿದೆ. ಮುದುಕ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತ. ಹೊಸ ಕವರಿಗೆ ಕೆಸರಾಯಿತು. ಸುಧಾರಿಸಿಕೊಂಡು, ಎಲ್ಲಿ ತನಕ ಹೋಗ್ತೀರಿ ಸಾಹೇಬರ ಎಂದು ಕೇಳಿದ. ನಾನು ಎಡಗೈಯಿಂದ ಗೇರು ಹಾಕಿ ಕಾರು ಮುಂದೆ ಬಿಟ್ಟೆ. ನನ್ನ ಪರವಾಗಿ ಆಕೆಯೇ ಹೇಳಿದಳು.

"ಸಾಲಿ ತನಕ ಬರ್ತಾರ್ರಿ ಯಜ್ಜಾರ. ಈ ದಾರ್ಯಾಗ ನಡುವ ಹೊಳ್ಳಾಕ ಎಲ್ಲೂ ಜಾಗಾನ ಇಲ್ರಿ."